ವೋಟಿಲ್ಲದ ಹೆಂಗಸರು ಬರೆಸಿದ ಕಾನೂನು

ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ವೋಟು ಸಿಕ್ಕಿದ್ದು 1920ರಲ್ಲಿ. ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಳಿ ಉಡುಪಿನ ಮೆರವಣಿಗೆ, ಶ್ವೇತಭವನದ ಗೇಟಿನ ಮುಂದೆ ಬ್ಯಾನರ್ ಹಿಡಿದು ನಿಂತವರು, ಜೈಲು, ಉಪವಾಸ ಇವನ್ನೇ ಹೇಳುತ್ತಾರೆ. ಅವೆಲ್ಲ ನಿಜವೇ. ಆದರೆ ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲಿನಿಂದ, ಕೈಯಲ್ಲಿ ವೋಟು ಇಲ್ಲದಿದ್ದಾಗಲೇ, ಕೆಲವು ಹೆಂಗಸರು ಕಾರ್ಖಾನೆ ಕಾನೂನುಗಳನ್ನು ಬರೆಸುತ್ತಿದ್ದರು, ಅವನ್ನು ಜಾರಿಗೆ ತರಿಸುತ್ತಿದ್ದರು, ಕೋರ್ಟಿನಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಹಾಗೆ ಉಳಿಸಿಕೊಳ್ಳಲು ಅವರು ಹೂಡಿದ ವಾದ ‘ಹೆಣ್ಣು ಗಂಡಿನಂತಲ್ಲ, ಆಕೆಗೆ ಬೇರೆಯೇ ರಕ್ಷಣೆ ಬೇಕು’ ಎಂಬುದು. ವೋಟು ಕೇಳುವಾಗ ಹೇಳಿದ ಮಾತುಗಳಲ್ಲಿ ದೊಡ್ಡದು ‘ಹೆಣ್ಣು ಗಂಡಿಗೆ ಸಮ’ ಎಂಬುದು. ಒಂದೇ ಚಳವಳಿಯೊಳಗೆ, ಎಷ್ಟೋ ಸಲ ಒಬ್ಬರದೇ ಬಾಯಲ್ಲಿ, ಈ ಎರಡೂ ಮಾತು ಇದ್ದವು. 1923ರಲ್ಲಿ ಅವೆರಡೂ ಮುಖಾಮುಖಿಯಾದವು. ಪ್ರಗತಿಪರ ಯುಗ ಎಂದು ಇತಿಹಾಸಕಾರರು ಕರೆಯುವ, ಸರಿಸುಮಾರು 1890ರಿಂದ 1920ರವರೆಗಿನ ಆ ಕಾಲವನ್ನು ಅರ್ಥಮಾಡಿಕೊಳ್ಳಲು ಈ ಜಗಳಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊದಲು ದುಡಿಮೆಯ ವಿಷಯ. 1900ರ ಹೊತ್ತಿಗೆ ಅಮೆರಿಕದಲ್ಲಿ ಕೂಲಿ ಅಥವಾ ಸಂಬಳಕ್ಕೆ ದುಡಿಯುತ್ತಿದ್ದ ಹೆಂಗಸರು 50 ಲಕ್ಷಕ್ಕೂ ಹೆಚ್ಚು. ದೊಡ್ಡ ಪಾಲು ಮನೆಗೆಲಸದವರದು. ಉಳಿದವರು ಹೊಲಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ, ಹೊಲಿಗೆ ಕಾರ್ಖಾನೆಗಳಲ್ಲಿ, ಲಾಂಡ್ರಿಗಳಲ್ಲಿ ಇದ್ದರು. ಟೈಪಿಂಗ್, ಟೆಲಿಫೋನ್ ಎಕ್ಸ್‌ಚೇಂಜ್, ದೊಡ್ಡ ಅಂಗಡಿಗಳ ಕೌಂಟರ್ ಇವು ಆಗಷ್ಟೇ ತೆರೆದುಕೊಳ್ಳುತ್ತಿದ್ದ ಕೆಲಸಗಳು. ನ್ಯೂಯಾರ್ಕ್, ಶಿಕಾಗೋಗಳ ಹೊಲಿಗೆ ಯಂತ್ರಗಳ ಮುಂದೆ ಕೂತವರಲ್ಲಿ ಬಹಳ ಮಂದಿ ರಷ್ಯಾ, ಇಟಲಿ ಕಡೆಯಿಂದ ಹಡಗಿನಲ್ಲಿ ಬಂದಿಳಿದ ಕುಟುಂಬಗಳ ಹುಡುಗಿಯರು, ಹೆಚ್ಚಿನವರು ಮದುವೆಯಾಗದವರು. ಕಪ್ಪು ಹೆಂಗಸರ ಕಥೆ ಬೇರೆ. ಅವರು ಮದುವೆಯಾದ ಮೇಲೂ ದುಡಿಯಲೇಬೇಕಿತ್ತು, ಮತ್ತು ಕಾರ್ಖಾನೆಯ ಬಾಗಿಲು ಅವರಿಗೆ ಬಹುಪಾಲು ಮುಚ್ಚಿತ್ತು. ಬಿಳಿಯರ ಮನೆಯ ಅಡುಗೆ, ಬಟ್ಟೆ ಒಗೆತ, ಹತ್ತಿ ಹೊಲ, ಅಷ್ಟೇ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಕಾನೂನುಗಳಲ್ಲಿ ಯಾವುದು ಯಾರನ್ನು ಮುಟ್ಟಿತು, ಯಾರನ್ನು ಮುಟ್ಟಲಿಲ್ಲ ಎಂಬುದೆಲ್ಲ ಇಲ್ಲಿಂದಲೇ ನಿರ್ಧಾರವಾಗುತ್ತದೆ.

ಹನ್ನೆರಡು, ಹದಿಮೂರು ಗಂಟೆಯ ದಿನ ಅಪರೂಪವಾಗಿರಲಿಲ್ಲ. ಹಾಗಾದರೆ ‘ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು’ ಎಂದು ಒಂದು ಕಾನೂನು ಮಾಡಿದರೆ ಆಯಿತಲ್ಲ? ಆಗುತ್ತಿರಲಿಲ್ಲ. ಅದು ಯಾಕೆಂದು ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ.

ಕಾರ್ಮಿಕ ಕಾನೂನು ಅಲ್ಲಿ ಕೇಂದ್ರ ಸರ್ಕಾರದ ಕೈಯಲ್ಲಿರಲಿಲ್ಲ. ಒಂದೊಂದು ರಾಜ್ಯವೂ ತನ್ನದನ್ನು ತಾನು ಮಾಡಿಕೊಳ್ಳಬೇಕಿತ್ತು. ಮಾಡಿದರೂ ಕೋರ್ಟು ಹೊಡೆದುಹಾಕುತ್ತಿತ್ತು. ಅಂತರ್ಯುದ್ಧದ ನಂತರ, 1868ರಲ್ಲಿ, ಬಿಡುಗಡೆಯಾದ ಗುಲಾಮರನ್ನು ಕಾಪಾಡಲೆಂದು ಸಂವಿಧಾನಕ್ಕೆ ಹದಿನಾಲ್ಕನೇ ತಿದ್ದುಪಡಿ ಬಂದಿತ್ತು. ‘ಕಾನೂನಿನ ಸೂಕ್ತ ಕ್ರಮವಿಲ್ಲದೆ ಯಾರದೇ ಸ್ವಾತಂತ್ರ್ಯ ಕಸಿಯುವಂತಿಲ್ಲ’ ಎಂಬುದು ಅದರಲ್ಲಿದ್ದ ಮಾತು. ನ್ಯಾಯಾಧೀಶರು ಈ ‘ಸ್ವಾತಂತ್ರ್ಯ’ದಲ್ಲಿ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಸೇರಿದೆ ಎಂದು ಓದಿದರು. ಅಂದರೆ, ಹದಿನಾಲ್ಕು ಗಂಟೆ ದುಡಿಯುತ್ತೇನೆಂದು ಕೂಲಿಯವನು ಒಪ್ಪಿದರೆ, ಬೇಡ ಎನ್ನಲು ಸರ್ಕಾರ ಯಾರು? ಮನೆಯಲ್ಲಿ ಒಲೆ ಹೊತ್ತದವನು ಏನಕ್ಕೆ ಬೇಕಾದರೂ ಒಪ್ಪುತ್ತಾನೆ ಎಂಬುದು ಆ ನ್ಯಾಯಾಧೀಶರ ಲೆಕ್ಕಕ್ಕೆ ಬರಲಿಲ್ಲ. 1905ರಲ್ಲಿ ಲಾಕ್ನರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇಕರಿ ಕೆಲಸಗಾರರಿಗೆ ದಿನಕ್ಕೆ ಹತ್ತು, ವಾರಕ್ಕೆ ಅರವತ್ತು ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕ್ ಕಾನೂನನ್ನು ಇದೇ ತರ್ಕದಿಂದ ರದ್ದುಮಾಡಿತು.

ಈ ಗೋಡೆಗೆ ಎಲ್ಲಿ ಬಿರುಕಿದೆ ಎಂದು ಜೀವನವಿಡೀ ಹುಡುಕಿದವರು ಫ್ಲಾರೆನ್ಸ್ ಕೆಲ್ಲಿ.

ಕೆಲ್ಲಿ ಹುಟ್ಟಿದ್ದು 1859ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ಅಮೆರಿಕ ಸಂಸತ್ತಿನ ಸದಸ್ಯ. ಮಗಳು ಕಾರ್ನೆಲ್‌ನಲ್ಲಿ ಪದವಿ ಮುಗಿಸಿ, ಹೆಚ್ಚಿನ ಓದಿಗೆ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ಗೆ ಹೋದರು. ಅಲ್ಲಿ ಸಮಾಜವಾದಿಗಳ ಸಹವಾಸ, ಒಬ್ಬ ವೈದ್ಯ ವಿದ್ಯಾರ್ಥಿಯೊಡನೆ ಮದುವೆ, ಏಂಗೆಲ್ಸ್ ಬರೆದ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿಯ ಪುಸ್ತಕದ ಇಂಗ್ಲಿಷ್ ಅನುವಾದ. ಮದುವೆ ಮುರಿಯಿತು. 1891ರ ಡಿಸೆಂಬರ್ ಕೊನೆಯಲ್ಲಿ ಮೂರು ಮಕ್ಕಳನ್ನು ಕರೆದುಕೊಂಡು ಶಿಕಾಗೋಗೆ ಬಂದು ಹಲ್ ಹೌಸ್‌ನ ಬಾಗಿಲು ತಟ್ಟಿದರು.

ಹಲ್ ಹೌಸ್ ಎಂದರೆ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಹಾಲ್‌ಸ್ಟೆಡ್ ರಸ್ತೆಯಲ್ಲಿ ಶುರುಮಾಡಿದ ಮನೆ. ಓದಿದ ಹೆಂಗಸರು ವಲಸಿಗರ ಬಡ ಕೇರಿಯಲ್ಲೇ ಬಂದು ವಾಸಮಾಡುವುದು, ಅಕ್ಕಪಕ್ಕದವರ ಜೊತೆ ಬದುಕುತ್ತ ಅವರಿಗೆ ಬೇಕಾದ್ದನ್ನು ಕಟ್ಟುವುದು ಅದರ ಉದ್ದೇಶ. ಶಿಶುವಿಹಾರ, ಸಂಜೆ ತರಗತಿ, ವಾಚನಾಲಯ ಎಲ್ಲ ಇದ್ದವು. ಇದನ್ನು ಅನುಕೂಲಸ್ಥರ ದಾನಧರ್ಮ ಎಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಆ ಮನೆಯಲ್ಲಿ ಇದ್ದವರು ಕೇರಿಯ ಪ್ರತಿ ಮನೆ ಹೊಕ್ಕು ಯಾರು ಯಾವ ದೇಶದವರು, ವಾರಕ್ಕೆ ಎಷ್ಟು ದುಡಿಯುತ್ತಾರೆ ಎಂದು ಲೆಕ್ಕ ತೆಗೆದು, ಬಣ್ಣ ಹಚ್ಚಿದ ನಕ್ಷೆಗಳಾಗಿ 1895ರಲ್ಲಿ ಪ್ರಕಟಿಸಿದರು. ಅದೇ ವರ್ಷ ಜೇನ್ ಆ್ಯಡಮ್ಸ್ ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡು, ಬೆಳಗಿನ ಜಾವ ಕಸದ ಗಾಡಿಗಳ ಹಿಂದೆ ಹೋಗತೊಡಗಿದರು. ಒಂದು ರಸ್ತೆಯಲ್ಲಿ 18 ಇಂಚು ಕಸ ಕೆರೆದ ಮೇಲೆ ಅಡಿಯಲ್ಲಿ ಕಲ್ಲುಹಾಸು ಇರುವುದು ಗೊತ್ತಾಯಿತಂತೆ.

ಕೆಲ್ಲಿ ಇದಕ್ಕಿಂತ ಖಾರದ ಹೆಂಗಸು. ಕೇರಿಯ ಮನೆಗಳೊಳಗೇ ನಡೆಯುತ್ತಿದ್ದ ಹೊಲಿಗೆ ಗೂಡುಗಳನ್ನು, ಅಲ್ಲಿ ಗುಂಡಿ ಹಚ್ಚುತ್ತಿದ್ದ ಪುಟ್ಟ ಮಕ್ಕಳನ್ನು ಹುಡುಕಿ ವರದಿ ಮಾಡಿದರು. ಅದರ ಫಲವಾಗಿ 1893ರಲ್ಲಿ ಇಲಿನಾಯ್ ರಾಜ್ಯ ಒಂದು ಕಾರ್ಖಾನೆ ಕಾನೂನು ಮಾಡಿತು: ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ, ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳಿಗೆ ಕಾರ್ಖಾನೆ ಕೆಲಸ ಇಲ್ಲ. ಗವರ್ನರ್ ಆಲ್ಟ್‌ಗೆಲ್ಡ್ ಅದನ್ನು ಜಾರಿ ಮಾಡುವ ಮುಖ್ಯ ಇನ್ಸ್‌ಪೆಕ್ಟರ್ ಹುದ್ದೆಯನ್ನು ಕೆಲ್ಲಿಯವರಿಗೇ ಕೊಟ್ಟರು. ರಾಜ್ಯವೊಂದರಲ್ಲಿ ಆ ಹುದ್ದೆಗೇರಿದ ಮೊದಲ ಹೆಂಗಸು ಅವರು. ಸ್ವಂತಕ್ಕೆ ವೋಟಿಲ್ಲ, ಆದರೆ ಮಾಲೀಕರ ಮೇಲೆ ಮೊಕದ್ದಮೆ ಹೂಡಿಸುವ ಅಧಿಕಾರ ಇದೆ! ಸರ್ಕಾರಿ ವಕೀಲರು ಕೇಸು ನಡೆಸಲು ಹಿಂದೇಟು ಹಾಕಿದಾಗ, ಕೆಲ್ಲಿ ಸಂಜೆ ಕಾಲೇಜಿಗೆ ಸೇರಿ ಕಾನೂನು ಪದವಿಯನ್ನೇ ಪಡೆದರು.

1895ರಲ್ಲಿ ಇಲಿನಾಯ್‌ನ ಉಚ್ಚ ನ್ಯಾಯಾಲಯ ಎಂಟು ಗಂಟೆಯ ಆ ಕಲಮನ್ನು ಕಿತ್ತುಹಾಕಿತು. ಅದು ಕೊಟ್ಟ ಕಾರಣ ಓದುವಂಥದ್ದು. ಹೆಣ್ಣೂ ಪ್ರಜೆಯೇ, ಒಪ್ಪಂದ ಮಾಡಿಕೊಳ್ಳುವ ಹಕ್ಕು ಗಂಡಿನಷ್ಟೇ ಆಕೆಗೂ ಇದೆ, ಹೆಣ್ಣೆಂಬ ಒಂದೇ ಕಾರಣಕ್ಕೆ ಅದನ್ನು ಮೊಟಕುಗೊಳಿಸುವಂತಿಲ್ಲ ಎಂದಿತು. ರಾಜ್ಯದ ಚುನಾವಣೆಯಲ್ಲಿ ವೋಟು ಹಾಕಲು ಅದೇ ಹೆಣ್ಣಿಗೆ ಬಿಡದ ವ್ಯವಸ್ಥೆ, ಹದಿನಾಲ್ಕು ಗಂಟೆ ಬೆನ್ನು ಬಗ್ಗಿಸುವ ವಿಷಯ ಬಂದಾಗ ಮಾತ್ರ ಸಮಾನತೆ ದಯಪಾಲಿಸಿತು. ಸಮಾನತೆ ಎಂಬ ಮಾತು ಕೇಳಿದರೆ ಕೆಲ್ಲಿ ಆಮೇಲೆ ಸದಾ ಅನುಮಾನಪಡುತ್ತಿದ್ದರು. ಅದಕ್ಕೆ ಬೀಜ ಬಿದ್ದದ್ದು ಇಲ್ಲಿ ಎಂಬುದು ನನ್ನ ಓದು.

ಹತ್ತು ಡಾಲರ್ ದಂಡದ ಕೇಸು

ಗವರ್ನರ್ ಬದಲಾದ ಮೇಲೆ ಕೆಲ್ಲಿ ಕೆಲಸ ಕಳೆದುಕೊಂಡರು. 1899ರಲ್ಲಿ ನ್ಯೂಯಾರ್ಕ್‌ಗೆ ಬಂದು ರಾಷ್ಟ್ರೀಯ ಗ್ರಾಹಕರ ಲೀಗ್‌ನ ಪ್ರಧಾನ ಕಾರ್ಯದರ್ಶಿಯಾದರು. 1932ರಲ್ಲಿ ಸಾಯುವವರೆಗೂ ಅದೇ ಕುರ್ಚಿ. ಲೀಗ್‌ನ ಉಪಾಯ ಸರಳ. ಹೆಂಗಸರಿಗೆ ವೋಟಿಲ್ಲ, ಆದರೆ ಸಾಮಾನು ಕೊಳ್ಳುವವರು ಅವರೇ. ಮಕ್ಕಳನ್ನು ದುಡಿಸದೆ, ಓವರ್‌ಟೈಮ್ ಹೇರದೆ ಹೊಲಿದ ಒಳ ಉಡುಪಿಗೆ ಲೀಗ್ ಒಂದು ಬಿಳಿ ಚೀಟಿ ಕೊಡುತ್ತಿತ್ತು. ಚೀಟಿ ನೋಡಿ ಕೊಳ್ಳಿ ಎಂದು ಮಧ್ಯಮವರ್ಗದ ಗೃಹಿಣಿಯರಿಗೆ ಹೇಳುತ್ತಿತ್ತು.

1905ರ ಸೆಪ್ಟೆಂಬರ್ 4, ಅಮೆರಿಕದ ಕಾರ್ಮಿಕರ ದಿನ. ಅಂದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಗ್ರ್ಯಾಂಡ್ ಲಾಂಡ್ರಿಯ ಮೇಸ್ತ್ರಿ ಎಮ್ಮಾ ಗಾಚರ್ ಎಂಬ ಕೆಲಸಗಾರ್ತಿಯನ್ನು ಹತ್ತು ಗಂಟೆಗಿಂತ ಹೆಚ್ಚು ದುಡಿಸಿದ. ಅಲ್ಲಿನ 1903ರ ಕಾನೂನಿನ ಪ್ರಕಾರ ಅದು ಅಪರಾಧ. ಮಾಲೀಕ ಕರ್ಟ್ ಮುಲ್ಲರ್‌ಗೆ 10 ಡಾಲರ್ ದಂಡ ಬಿತ್ತು. ಆತ ದಂಡ ಕಟ್ಟುವ ಬದಲು ಕೇಸನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ. ಲಾಂಡ್ರಿಯಲ್ಲಿ ಇದು ನಡೆದಾಗ ಲಾಕ್ನರ್ ತೀರ್ಪು ಬಂದು ಇನ್ನೂ ಆರು ತಿಂಗಳೂ ಆಗಿರಲಿಲ್ಲ. ಒರೆಗಾನ್ ಸೋತರೆ ಹೆಂಗಸರ ಕೆಲಸದ ಅವಧಿಗೆ ಮಿತಿ ಹಾಕಿದ್ದ ಎಲ್ಲ ರಾಜ್ಯಗಳ ಕಾನೂನೂ ಮುಳುಗುತ್ತಿತ್ತು.

ಕೆಲ್ಲಿ ಮತ್ತು ಅವರ ಸಹೋದ್ಯೋಗಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಮೊದಲು ನ್ಯೂಯಾರ್ಕಿನ ಹೆಸರಾಂತ ವಕೀಲರೊಬ್ಬರ ಬಳಿ ಹೋದರು. ಗಟ್ಟಿಮುಟ್ಟಾದ ಐರಿಷ್ ಹೆಂಗಸು ಲಾಂಡ್ರಿಯಲ್ಲಿ ಹತ್ತು ಗಂಟೆಗಿಂತ ಹೆಚ್ಚು ದುಡಿದರೆ ಏನಾಯಿತು ಎಂದು ಆತ ಕೇಳಿದನಂತೆ. ಅಲ್ಲಿಂದ ಬಾಸ್ಟನ್‌ಗೆ, ಗೋಲ್ಡ್‌ಮಾರ್ಕ್‌ರ ಭಾವ, ವಕೀಲ ಲೂಯಿ ಬ್ರಾಂಡೈಸ್ ಹತ್ತಿರ. ಬ್ರಾಂಡೈಸ್ ಒಪ್ಪಿದರು, ಒಂದು ಷರತ್ತಿನ ಮೇಲೆ: ನನಗೆ ಕಾನೂನಿನ ಪಾಯಿಂಟು ಬೇಡ, ಸಂಗತಿಗಳನ್ನು ತಂದುಕೊಡಿ, ಅದೂ ಎರಡು ವಾರದಲ್ಲಿ.

ಗೋಲ್ಡ್‌ಮಾರ್ಕ್ ಗೆಳತಿಯರನ್ನು ಕಟ್ಟಿಕೊಂಡು ನ್ಯೂಯಾರ್ಕಿನ ಗ್ರಂಥಾಲಯಗಳಲ್ಲಿ ಕೂತರು. ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್‌ಗಳ ಕಾರ್ಖಾನೆ ತಪಾಸಣಾ ವರದಿ, ವೈದ್ಯರ ಸಾಕ್ಷ್ಯ, ಸೂಲಗಿತ್ತಿಯರ ಹೇಳಿಕೆ, ಏನು ಸಿಕ್ಕಿದರೂ ಬರೆದುಕೊಂಡರು. ಹೀಗೆ ತಯಾರಾದ ನೂರಕ್ಕೂ ಹೆಚ್ಚು ಪುಟಗಳ ವಾದಪತ್ರದಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದದ್ದೆಲ್ಲ ದಣಿವು, ಬೆನ್ನುನೋವು, ಗರ್ಭಪಾತ, ಶಿಶುಮರಣಗಳ ವಿವರ. ಕೋರ್ಟಿನಲ್ಲಿ ಸಮಾಜದ ಸಂಗತಿಗಳನ್ನೇ ಸಾಕ್ಷಿಯಾಗಿ ಮುಂದಿಡುವ ಈ ಪದ್ಧತಿಗೆ ಅಮೆರಿಕದ ವಕೀಲರು ಇಂದಿಗೂ ‘ಬ್ರಾಂಡೈಸ್ ಬ್ರೀಫ್’ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಕಣ್ಣು ಸವೆಸಿದವರ ಹೆಸರು ಅದಕ್ಕೆ ಅಂಟಲಿಲ್ಲ.

1908ರ ಫೆಬ್ರವರಿ 24ರಂದು ಸುಪ್ರೀಂ ಕೋರ್ಟು ಒರೆಗಾನ್ ಕಾನೂನನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ದೊಡ್ಡ ಗೆಲುವು. ಆದರೆ ನ್ಯಾಯಮೂರ್ತಿ ಬ್ರೂಅರ್ ಬರೆದದ್ದನ್ನು ನೋಡಿ. ಹೆಣ್ಣಿನ ದೇಹರಚನೆ ಮತ್ತು ತಾಯ್ತನ ಆಕೆಯನ್ನು ಜೀವನದ ಪೈಪೋಟಿಯಲ್ಲಿ ಹಿಂದಿಡುತ್ತವೆ. ಆಕೆ ಎಂದಿನಿಂದಲೂ ಗಂಡಿನ ಆಸರೆಯಲ್ಲಿದ್ದವಳು. ಗಟ್ಟಿಯಾದ ಸಂತಾನ ಬೇಕೆಂದರೆ ತಾಯಂದಿರ ಆರೋಗ್ಯ ಸಮಾಜದ ಕಾಳಜಿ. ಆದ್ದರಿಂದ ಆಕೆಯನ್ನು ಬೇರೆಯೇ ವರ್ಗವಾಗಿ ಇಡುವುದು ಸರಿ. ಎಲ್ಲ ರಾಜಕೀಯ ಹಕ್ಕು ಕೊಟ್ಟರೂ ಈ ವ್ಯತ್ಯಾಸ ಉಳಿಯುತ್ತದೆ ಎಂಬ ಅರ್ಥದ ಮಾತೂ ತೀರ್ಪಿನಲ್ಲಿದೆ.

ಕೆಲ್ಲಿ ಇದನ್ನು ನಂಬಿದ್ದರೇ? ಅರ್ಧ ನಂಬಿದ್ದರು, ಅರ್ಧ ಉಪಾಯ. ಹೆಂಗಸರ ಹೆಸರಿನಲ್ಲಿ ಬಾಗಿಲು ಸ್ವಲ್ಪ ತೆರೆದರೆ ಹಿಂದೆಯೇ ಗಂಡಸರನ್ನೂ ನುಗ್ಗಿಸಬಹುದೆಂಬುದು ಲೀಗ್‌ನ ಲೆಕ್ಕ. ಆ ಲೆಕ್ಕ ತಪ್ಪಲೂ ಇಲ್ಲ: 1917ರಲ್ಲಿ ಬಂಟಿಂಗ್ ಪ್ರಕರಣದಲ್ಲಿ, ಗಂಡಸರಿಗೂ ಹೆಂಗಸರಿಗೂ ಒಟ್ಟಿಗೆ ಹತ್ತು ಗಂಟೆಯ ಮಿತಿ ಹಾಕಿದ್ದ ಒರೆಗಾನಿನ ಇನ್ನೊಂದು ಕಾನೂನನ್ನು ಸುಪ್ರೀಂ ಕೋರ್ಟು ಒಪ್ಪಿತು. ಆ ಹೊತ್ತಿಗೆ ಬ್ರಾಂಡೈಸ್ ಸ್ವತಃ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಲೀಗ್‌ನ ಪರ ನಿಂತವರು ವಕೀಲ ಫೆಲಿಕ್ಸ್ ಫ್ರಾಂಕ್‌ಫರ್ಟರ್. ಈ ಹೆಸರು ನಮ್ಮೂರ ಕಥೆಯೊಂದರಲ್ಲಿ ಮತ್ತೆ ಬರುತ್ತದೆ.

ಕೂಪರ್ ಯೂನಿಯನ್‌ನಿಂದ ಒಂಬತ್ತನೇ ಮಹಡಿಯವರೆಗೆ

ಇಲ್ಲಿಯವರೆಗೆ ಹೇಳಿದ್ದು ದುಡಿಯುವ ಹೆಂಗಸರ ಪರವಾಗಿ ಬೇರೆಯವರು ಮಾಡಿದ್ದು. ದುಡಿಯುವವರೇನು ಸುಮ್ಮನೆ ಕೂತಿರಲಿಲ್ಲ.

1909ರ ನವೆಂಬರ್ 22ರ ರಾತ್ರಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣ ಹೊಲಿಗೆಯವರಿಂದ ತುಂಬಿತ್ತು. ಷರ್ಟ್‌ವೇಸ್ಟ್ ಎಂಬ ಹೆಂಗಸರ ಮೇಲಂಗಿ ಆಗ ದೊಡ್ಡ ಫ್ಯಾಷನ್. ಅದನ್ನು ಹೊಲಿಯುವ ಕಾರ್ಖಾನೆಗಳಲ್ಲಿ ಸೂಜಿ, ದಾರ, ಕರೆಂಟಿನ ಖರ್ಚನ್ನೂ ಕೂಲಿಯಿಂದ ಮುರಿದುಕೊಳ್ಳುವುದು, ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸುವುದು, ಹೊರಗೆ ಹೋಗುವಾಗ ಚೀಲ ತಡಕುವುದು ಮಾಮೂಲು. ಮುಷ್ಕರ ಬೇಕೇ ಬೇಡವೇ ಎಂದು ನಾಯಕರು ಗಂಟೆಗಟ್ಟಲೆ ಮಾತಾಡಿದರು. 23 ವರ್ಷದ ಕ್ಲಾರಾ ಲೆಮ್ಲಿಕ್ ಎದ್ದು ವೇದಿಕೆ ಹತ್ತಿ, ಯಿಡ್ಡಿಷ್ ಭಾಷೆಯಲ್ಲಿ, ಮಾತು ಕೇಳಿ ಸಾಕಾಗಿದೆ, ಈಗಲೇ ಸಾರ್ವತ್ರಿಕ ಮುಷ್ಕರಕ್ಕೆ ಹೋಗೋಣ ಎಂದರು. ಈಗ ಮಾಡುವ ಪ್ರತಿಜ್ಞೆಗೆ ತಪ್ಪಿದರೆ ಎತ್ತಿದ ಈ ಕೈ ಸೇದಿಹೋಗಲಿ ಎಂದು ಸಭೆಯೆಲ್ಲ ಆಣೆಯಿಟ್ಟಿತು. ಇಪ್ಪತ್ತು ಸಾವಿರ ಮಂದಿಯ ದಂಗೆ ಎಂದು ಹೆಸರಾದ ಆ ಮುಷ್ಕರ ಮುಂದಿನ ಫೆಬ್ರವರಿಯವರೆಗೆ ನಡೆಯಿತು. ನೂರಾರು ಹುಡುಗಿಯರು ಬಂಧನಕ್ಕೊಳಗಾದರು. ನೀವು ದೇವರ ವಿರುದ್ಧವೇ ಮುಷ್ಕರ ಹೂಡಿದ್ದೀರಿ ಎಂದು ಒಬ್ಬ ಮ್ಯಾಜಿಸ್ಟ್ರೇಟ್ ಗದರಿಸಿದ.

1903ರಲ್ಲಿ ಹುಟ್ಟಿದ್ದ ಮಹಿಳಾ ಟ್ರೇಡ್ ಯೂನಿಯನ್ ಲೀಗ್ ಈ ಮುಷ್ಕರದ ಬೆನ್ನಿಗೆ ನಿಂತಿತು. ಅದರಲ್ಲಿ ಕಾರ್ಮಿಕ ಹೆಂಗಸರೂ ಇದ್ದರು, ಸಿರಿವಂತ ಮನೆಯವರೂ ಇದ್ದರು. ಬ್ಯಾಂಕರ್ ಜೆ. ಪಿ. ಮಾರ್ಗನ್‌ರ ಮಗಳು ಆ್ಯನ್ ಮಾರ್ಗನ್, ಕೋಟ್ಯಧೀಶೆ ಆಲ್ವಾ ಬೆಲ್ಮಾಂಟ್ ತುಪ್ಪಳದ ಕೋಟು ತೊಟ್ಟು ಬಂದರು, ಜಾಮೀನು ಕೊಟ್ಟರು. ಪಕ್ಕದಲ್ಲಿ ಅವರಿದ್ದರೆ ಪೊಲೀಸರ ಲಾಠಿ ತಾನಾಗಿ ಇಳಿಯುತ್ತಿತ್ತು. ಸಮಾಜವಾದದ ಮಾತು ಕೇಳಿಬಂದಾಗ ಆ್ಯನ್ ಮಾರ್ಗನ್ ಹಿಂದೆ ಸರಿದರು. ಈ ಗೆಳೆತನಕ್ಕೆ ಒಂದು ಗೆರೆ ಇತ್ತು, ಅದು ಎಲ್ಲಿದೆ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಮುಷ್ಕರಕ್ಕೆ ಮಣಿದು ಬಹಳ ಕಾರ್ಖಾನೆಗಳು ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡವು. ಒಪ್ಪಂದಕ್ಕೆ ಬಗ್ಗದ ದೊಡ್ಡ ಕಂಪನಿಗಳಲ್ಲಿ ಒಂದು ಟ್ರಯಾಂಗಲ್. 1911ರ ಮಾರ್ಚ್ 25, ಶನಿವಾರ, ಕೆಲಸ ಬಿಡುವ ಹೊತ್ತಿಗೆ ಅದರ ಎಂಟನೇ ಮಹಡಿಯಲ್ಲಿ ಬೆಂಕಿ ಹತ್ತಿತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಕಳ್ಳತನ ತಡೆಯಲೆಂದು ಹಾಕುತ್ತಿದ್ದ ಬೀಗ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಗಷ್ಟೇ ಮುಟ್ಟಿತು. 146 ಜನ ಸತ್ತರು, ಹೆಚ್ಚಿನವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗಿಯರು. ಕಿಟಕಿಯಿಂದ ಹಾರಿದವರನ್ನು ಬೀದಿಯಲ್ಲಿ ನಿಂತು ನೋಡಿದವರಲ್ಲಿ ಗ್ರಾಹಕರ ಲೀಗ್‌ನ ನ್ಯೂಯಾರ್ಕ್ ಕಾರ್ಯದರ್ಶಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬರು. ಮಾಲೀಕರಿಬ್ಬರ ಮೇಲಿನ ಮೊಕದ್ದಮೆ ಅದೇ ಡಿಸೆಂಬರ್‌ನಲ್ಲಿ ಖುಲಾಸೆಯಲ್ಲಿ ಮುಗಿಯಿತು.

ರಾಜ್ಯ ಸರ್ಕಾರ ರಚಿಸಿದ ತನಿಖಾ ಆಯೋಗಕ್ಕೆ ಪರ್ಕಿನ್ಸ್ ಮತ್ತು ಯೂನಿಯನ್ ಹೆಂಗಸರು ದಾರಿ ತೋರಿಸಿದರು. ಆಯೋಗದ ಶಾಸಕರನ್ನು ಕರೆದೊಯ್ದು ನಸುಕಿನಲ್ಲಿ ಪಾಳಿ ಮುಗಿಸಿ ಬರುವ ಹೆಂಗಸರನ್ನು, ಕಾರ್ಖಾನೆಗಳ ತುರ್ತು ಬಾಗಿಲುಗಳನ್ನು ಕಣ್ಣಾರೆ ತೋರಿಸಿದರು. ಬೆಂಕಿಯ ಸುರಕ್ಷತೆ, ಹೆಂಗಸರಿಗೆ ವಾರಕ್ಕೆ 54 ಗಂಟೆ, ಹೀಗೆ ಸಾಲುಸಾಲು ಕಾನೂನು ಬಂದವು.

ವೋಟು ಯಾಕೆ ಬೇಕು?

ಶಾಸಕರಿಗೆ ಮನವಿ ಕೊಡುವುದು, ಕಾಡುವುದು, ಬೇಡುವುದು ಇವೆಲ್ಲ ಎಷ್ಟು ದಿನ? ಕೆಲ್ಲಿ 1905ರಲ್ಲೇ ಫಿಲಡೆಲ್ಫಿಯಾದ ಮತದಾನ ಹಕ್ಕಿನ ಸಮಾವೇಶದಲ್ಲಿ ಇದನ್ನು ಎತ್ತಿದ್ದರು: ಜಾರ್ಜಿಯಾದ ತಾಯಂದಿರಿಗೆ, ಶಿಕ್ಷಕಿಯರಿಗೆ ವೋಟಿದ್ದಿದ್ದರೆ, ಹನ್ನೆರಡು ತುಂಬದ ಮಕ್ಕಳ ಗಿರಣಿ ಕೆಲಸ ನಿಲ್ಲಿಸಲು ಅಲ್ಲಿನ ಶಾಸನಸಭೆ ವರ್ಷವರ್ಷವೂ ನಿರಾಕರಿಸುತ್ತಿತ್ತೇ? ಅವರಿಗೆ ವೋಟು ತತ್ವದ ವಿಷಯ ಅಷ್ಟಲ್ಲ, ಕೆಲಸಕ್ಕೆ ಬರುವ ಆಯುಧ.

ಹಳೆಯ ತಲೆಮಾರಿನ ವಾದ ಬೇರೆಯಾಗಿತ್ತು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಊರಿನಲ್ಲಿ ಹೆಂಗಸರ ಹಕ್ಕಿನ ಸಭೆಗೆ ಸೇರಿದವರು ಹುಟ್ಟಿನಿಂದ ಬಂದ ಸಮಾನ ಹಕ್ಕು ಎಂದು ವೋಟು ಕೇಳಿದ್ದರು. 1875ರಲ್ಲಿ ಸುಪ್ರೀಂ ಕೋರ್ಟು, ಹೆಂಗಸರು ಪ್ರಜೆಗಳು ಹೌದು, ಆದರೆ ಪ್ರಜೆಗೆ ವೋಟು ಇರಲೇಬೇಕೆಂದಿಲ್ಲ ಎಂದು ಆ ದಾರಿ ಮುಚ್ಚಿತು. ಪ್ರಗತಿಪರ ಯುಗದಲ್ಲಿ ಜೇನ್ ಆ್ಯಡಮ್ಸ್‌ರಂಥವರು ಮಾತಿನ ದಿಕ್ಕನ್ನೇ ತಿರುಗಿಸಿದರು: ಹಾಲು ಈಗ ಕೊಟ್ಟಿಗೆಯಿಂದ ಬರುವುದಿಲ್ಲ, ಕಸ ಹಿತ್ತಿಲಿಗೆ ಹೋಗುವುದಿಲ್ಲ, ಮಗಳು ಹೊಲಿಯುವುದು ಮನೆಯಲ್ಲಲ್ಲ, ಇವೆಲ್ಲ ನಗರಸಭೆಯ ಕೈಗೆ ಹೋಗಿರುವಾಗ ಮನೆ ನೋಡಿಕೊಳ್ಳುವವಳು ನಗರಸಭೆಯನ್ನೂ ನೋಡಿಕೊಳ್ಳಬೇಡವೇ? ಸಮಾನತೆ ಎಂದರೆ ಬೆಚ್ಚುವ ಗಂಡಸರನ್ನೂ ಒಲಿಸುವ ಜಾಣ ವಾದ. ಆದರೆ ಹೆಣ್ಣಿಗೆ ವೋಟು ಬೇಕಿರುವುದು ಆಕೆ ಹೆಣ್ಣಾಗಿರುವುದರಿಂದ ಎಂದು ಒಪ್ಪಿಕೊಂಡಂತೆಯೂ ಆಯಿತು.

ಕಾರ್ಮಿಕ ಹೆಂಗಸರ ಮಾತು ಇವೆರಡಕ್ಕಿಂತ ಒರಟು, ನನಗೆ ಹೆಚ್ಚು ಇಷ್ಟ. ವೋಟು ಕೊಟ್ಟರೆ ಹೆಂಗಸರ ಸೊಬಗು, ನಾಜೂಕು ಹಾಳಾಗುತ್ತದೆ ಎಂದು ನ್ಯೂಯಾರ್ಕಿನ ಒಬ್ಬ ಸೆನೆಟರ್ ಹೇಳಿದ್ದಕ್ಕೆ, ಟೋಪಿ ಹೊಲಿಯುತ್ತಿದ್ದ ಯೂನಿಯನ್ ನಾಯಕಿ ರೋಸ್ ಶ್ನೈಡರ್‌ಮನ್ 1912ರಲ್ಲಿ ಉತ್ತರ ಕೊಟ್ಟರು. ಲಾಂಡ್ರಿಗಳಲ್ಲಿ ಹೆಂಗಸರು ಹದಿಮೂರು, ಹದಿನಾಲ್ಕು ಗಂಟೆ ಹಬೆಯಲ್ಲಿ, ಬಿಸಿ ಗಂಜಿಯಲ್ಲಿ ಕೈಯಿಟ್ಟು ನಿಂತಿರುತ್ತಾರೆ. ವರ್ಷಕ್ಕೊಮ್ಮೆ ಪೆಟ್ಟಿಗೆಗೆ ಒಂದು ಚೀಟಿ ಹಾಕಿದರೆ ಅದಕ್ಕಿಂತ ಹೆಚ್ಚೇನೂ ಸೊಬಗು ಕಳೆದುಕೊಳ್ಳುವುದಿಲ್ಲ ಎಂದರು. 1911ರಲ್ಲಿ ಲೆಮ್ಲಿಕ್ ಮತ್ತಿತರರು ಕೂಲಿ ಹೆಂಗಸರದ್ದೇ ಒಂದು ಮತಹಕ್ಕಿನ ಲೀಗ್ ಕಟ್ಟಿದರು.

ಮುಂದಿನ ಗತಿ ಬೇಗ ಹೇಳಬಹುದು. ಪಶ್ಚಿಮದ ರಾಜ್ಯಗಳು ಮೊದಲು ಬಂದವು: ವಯೋಮಿಂಗ್ ಇನ್ನೂ ರಾಜ್ಯವಾಗುವ ಮೊದಲು 1869ರಲ್ಲೇ, ಕೊಲರಾಡೊ 1893ರಲ್ಲಿ. 1911ರಲ್ಲಿ ಕ್ಯಾಲಿಫೋರ್ನಿಯಾ, 1917ರಲ್ಲಿ ನ್ಯೂಯಾರ್ಕ್. ಕ್ಯಾರಿ ಚಾಪ್‌ಮನ್ ಕ್ಯಾಟ್ ದೊಡ್ಡ ಸಂಘಟನೆಯನ್ನು ಶಿಸ್ತಿನಿಂದ ರಾಜ್ಯದಿಂದ ರಾಜ್ಯಕ್ಕೆ ನಡೆಸಿದರು. ಆ್ಯಲಿಸ್ ಪಾಲ್ ಎಂಬ ಕಿರಿಯರು ಬೇರೆ ಪಕ್ಷ ಕಟ್ಟಿ, 1917ರ ಜನವರಿಯಿಂದ ಶ್ವೇತಭವನದ ಮುಂದೆ ದಿನವೂ ಹೆಂಗಸರನ್ನು ನಿಲ್ಲಿಸಿದರು. ಜೈಲಿನಲ್ಲಿ ಉಪವಾಸ ಕೂತವರಿಗೆ ನಳಿಕೆ ತುರುಕಿ ಉಣಿಸಿದ್ದು ಪತ್ರಿಕೆಗಳಲ್ಲಿ ಬಂದು ಸರ್ಕಾರಕ್ಕೆ ಮುಜುಗರವಾಯಿತು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ, ಆದರೆ ಇಬ್ಬರೂ ಬೇಕಾಗಿದ್ದರು. 1919ರ ಜೂನ್ 4ರಂದು, ಹೆಂಗಸರಿಗೆ ದೇಶದಾದ್ಯಂತ ವೋಟು ಕೊಡುವ ಸಂವಿಧಾನದ ಹತ್ತೊಂಬತ್ತನೇ ತಿದ್ದುಪಡಿಯನ್ನು ಸೆನೆಟ್ ಒಪ್ಪಿತು. 48 ರಾಜ್ಯಗಳಲ್ಲಿ 36ರ ಅನುಮೋದನೆ ಬೇಕಿತ್ತು. ಮೂವತ್ತಾರನೆಯದು ಟೆನೆಸಿ. ಅಲ್ಲಿ 1920ರ ಆಗಸ್ಟ್ 18ರಂದು 24 ವರ್ಷದ ಶಾಸಕ ಹ್ಯಾರಿ ಬರ್ನ್, ಜೇಬಿನಲ್ಲಿದ್ದ ತಾಯಿಯ ಪತ್ರದ ಮಾತು ಕೇಳಿ ಕಡೆ ಬದಲಿಸಿ ಪರವಾಗಿ ಮತ ಹಾಕಿದ.

ಈ ಮೆರವಣಿಗೆಯಲ್ಲಿ ಯಾರು ಎಲ್ಲಿ ನಡೆದರು ಎಂಬುದೂ ಮುಖ್ಯ. 1913ರ ಮಾರ್ಚ್ 3ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಪ್ಪು ಹೆಂಗಸರು ಹಿಂದೆ ನಡೆಯಲಿ ಎಂದು, ದಕ್ಷಿಣದ ಬಿಳಿಯರಿಗೆ ಬೇಸರವಾಗಬಾರದೆಂದು, ಸಂಘಟಕರು ಹೇಳಿದರು. ಗುಂಪುಹತ್ಯೆಗಳ ವಿರುದ್ಧ ಇಪ್ಪತ್ತು ವರ್ಷ ಬರೆದಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪಲಿಲ್ಲ, ಬೀದಿಯ ಬದಿಯಲ್ಲಿ ಕಾದಿದ್ದು, ಇಲಿನಾಯ್ ತಂಡ ಬಂದಾಗ ಅದರ ನಡುವೆ ಸೇರಿಕೊಂಡು ನಡೆದರು. 1920ರ ತಿದ್ದುಪಡಿ ಬಂದ ಮೇಲೂ ದಕ್ಷಿಣದ ರಾಜ್ಯಗಳು ತಲೆಗಂದಾಯ, ಓದುಬರಹದ ಪರೀಕ್ಷೆ, ಬೆದರಿಕೆಗಳಿಂದ ಕಪ್ಪು ಹೆಂಗಸರನ್ನು ಮತಗಟ್ಟೆಯಿಂದ ದೂರವಿಟ್ಟವು. ಅದು ಮುರಿದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ.

1923ರ ಜಗಳ

ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ 21 ವರ್ಷದ ವಿಲ್ಲಿ ಲಯನ್ಸ್ ಲಿಫ್ಟ್ ನಡೆಸುತ್ತಿದ್ದರು. ತಿಂಗಳಿಗೆ 35 ಡಾಲರ್, ದಿನಕ್ಕೆ ಎರಡು ಊಟ. ರಾಜಧಾನಿಯಲ್ಲಿ ಹೆಂಗಸರಿಗೆ ಕನಿಷ್ಠ ಕೂಲಿಯ ಕಾನೂನು ಬಂದಾಗ, ಅಷ್ಟು ಕೊಡಲಾರೆವೆಂದು ಹೋಟೆಲಿನವರು ಆಕೆಯನ್ನು ಕೆಲಸದಿಂದ ತೆಗೆದರು. ಆ ಕಾನೂನಿನ ವಿರುದ್ಧ ಆಕೆ ಹೂಡಿದ ದಾವೆ ಒಂದು ಆಸ್ಪತ್ರೆಯ ದಾವೆಯೊಡನೆ ಸೇರಿ ಆಡ್ಕಿನ್ಸ್ ಪ್ರಕರಣವಾಯಿತು. 1923ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 5-3ರಿಂದ ಕನಿಷ್ಠ ಕೂಲಿಯನ್ನು ರದ್ದುಮಾಡಿತು. ಬ್ರಾಂಡೈಸ್ ಪೀಠದಲ್ಲಿ ಕೂರಲಿಲ್ಲ. ಅವರ ಮಗಳು ಆ ಕಾನೂನನ್ನು ಜಾರಿಮಾಡುವ ಕೂಲಿ ಮಂಡಳಿಯಲ್ಲಿ ಕೆಲಸದಲ್ಲಿದ್ದರು. ಕಾನೂನಿನ ಪರ ವಾದಿಸಿ ಸೋತವರು ಅದೇ ಫ್ರಾಂಕ್‌ಫರ್ಟರ್. ನ್ಯಾಯಮೂರ್ತಿ ಸದರ್‌ಲ್ಯಾಂಡ್ ಕೊಟ್ಟ ಕಾರಣ: ಹತ್ತೊಂಬತ್ತನೇ ತಿದ್ದುಪಡಿ ಬಂದ ಮೇಲೆ ಗಂಡು ಹೆಣ್ಣಿನ ನಾಗರಿಕ ಭೇದ ಹೆಚ್ಚುಕಡಿಮೆ ಅಳಿಸಿಹೋಗಿದೆ, ಇನ್ನು ಹೆಣ್ಣಿಗೆ ಬೇರೆ ರಕ್ಷಣೆ ಏಕೆ? ವೋಟನ್ನು ಆಯುಧವೆಂದುಕೊಂಡವರ ಮೇಲೆ ಆ ಆಯುಧವೇ ತಿರುಗಿತು.

ಅದೇ ಜುಲೈನಲ್ಲಿ ಆ್ಯಲಿಸ್ ಪಾಲ್ ಸೆನೆಕಾ ಫಾಲ್ಸ್‌ನಲ್ಲಿ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಮುಂದಿಟ್ಟರು: ಗಂಡು ಹೆಣ್ಣಿಗೆ ದೇಶದೆಲ್ಲೆಡೆ ಸಮಾನ ಹಕ್ಕು ಇರತಕ್ಕದ್ದು. ಕೆಲ್ಲಿ ಅದನ್ನು ಕಟುವಾಗಿ ವಿರೋಧಿಸಿದರು. ಒಂದೇ ಸಾಲಿನ ಆ ತಿದ್ದುಪಡಿ ಹೆಂಗಸರ ಕೆಲಸದ ಅವಧಿಯ ಕಾನೂನುಗಳನ್ನೆಲ್ಲ ಗುಡಿಸಿಹಾಕುತ್ತದೆ, ಲಾಭ ವಕೀಲೆಯರಿಗೆ, ವೈದ್ಯೆಯರಿಗೆ, ನಷ್ಟ ಲಾಂಡ್ರಿಯವಳಿಗೆ ಎಂಬುದು ಅವರ ಸಿಟ್ಟು. ಮೂವತ್ತು ವರ್ಷ ಕೋರ್ಟಿನ ‘ಸಮಾನತೆ’ಯ ರುಚಿ ಕಂಡವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪಾಲ್ ಕಡೆಯವರೂ ಕೇವಲ ಸಿರಿವಂತರಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ಹೆಂಗಸರ ರಾತ್ರಿ ಕೆಲಸ ನಿಷೇಧಿಸಿದಾಗ, ಪತ್ರಿಕೆಗಳ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹೆಂಗಸರು ಒಳ್ಳೆಯ ಕೂಲಿಯ ಕೆಲಸ ಕಳೆದುಕೊಂಡರು. ಬ್ರೂಕ್ಲಿನ್ನಿನ ಟ್ರಾಮ್ ಕಂಡಕ್ಟರ್ ಹೆಂಗಸರಿಗೂ 1919ರಲ್ಲಿ ಹಾಗೇ ಆಯಿತು. ಅಂಥ ಕಾನೂನುಗಳನ್ನು ಗಂಡಸರ ಯೂನಿಯನ್‌ಗಳು ಉತ್ಸಾಹದಿಂದ ಬೆಂಬಲಿಸುತ್ತಿದ್ದುದು ಬರೀ ಕರುಣೆಯಿಂದಲ್ಲ. ದುಡಿಯುವ ಹೆಣ್ಣು ಎರಡು ವಾದಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು. ಆ ಕ್ಷಣದ ಮಟ್ಟಿಗೆ ಕೆಲ್ಲಿ ಸರಿ ಎನಿಸುತ್ತದೆ ನನಗೆ. ಆ ಕೋರ್ಟಿನ ಕೈಗೆ ಆ ತಿದ್ದುಪಡಿ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಬಿಕ್ಕಟ್ಟು ಬಿಡಿಸಿಕೊಂಡದ್ದು ಕೋರ್ಟು ಮನಸ್ಸು ಬದಲಿಸಿದಾಗ. ವಾಷಿಂಗ್ಟನ್ ರಾಜ್ಯದ ಹೋಟೆಲೊಂದರಲ್ಲಿ ಕೋಣೆ ಗುಡಿಸುತ್ತಿದ್ದ ಎಲ್ಸಿ ಪ್ಯಾರಿಶ್, ಕನಿಷ್ಠ ಕೂಲಿಯ ಲೆಕ್ಕದಲ್ಲಿ ತಮಗೆ ಬಾಕಿಯಿದ್ದ 216 ಡಾಲರ್ 19 ಸೆಂಟ್‌ಗಾಗಿ ಹೂಡಿದ ಕೇಸಿನಲ್ಲಿ, 1937ರಲ್ಲಿ ಆಡ್ಕಿನ್ಸ್ ತೀರ್ಪು ಬಿದ್ದುಹೋಯಿತು. ಆ ಹೊತ್ತಿಗೆ ಫ್ರಾನ್ಸಿಸ್ ಪರ್ಕಿನ್ಸ್ ಕಾರ್ಮಿಕ ಸಚಿವೆ, ಅಮೆರಿಕದ ಸಂಪುಟ ಸೇರಿದ ಮೊದಲ ಹೆಂಗಸು. 1938ರ ಕಾಯ್ದೆ ಕನಿಷ್ಠ ಕೂಲಿಯನ್ನೂ ಓವರ್‌ಟೈಮ್ ಹಣವನ್ನೂ ಗಂಡು ಹೆಣ್ಣಿಬ್ಬರಿಗೂ ಒಟ್ಟಿಗೆ ಕೊಟ್ಟಿತು. ಮನೆಗೆಲಸ ಮತ್ತು ಹೊಲದ ಕೆಲಸ ಅದರ ಹೊರಗೆ. ಅಂದರೆ ಬಹುಪಾಲು ಕಪ್ಪು ಹೆಂಗಸರು ಹೊರಗೆ.

ಈಗ ಆ ನಮ್ಮೂರ ಕಥೆ. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ, ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಕಾನೂನಿನ ಸೂಕ್ತ ಕ್ರಮ’ ಎಂಬ ಪದಗಳನ್ನು ಹಿಡಿದು ನ್ಯಾಯಾಧೀಶರು ಶಾಸನಸಭೆಯ ಕಾನೂನುಗಳನ್ನು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು ಎಂಬ ಸಲಹೆ ಸಿಕ್ಕಿತು. ಆಡ್ಕಿನ್ಸ್‌ನಲ್ಲಿ ಸೋತ ವಕೀಲ ಬೇರೇನು ಹೇಳಿಯಾನು? ನಮ್ಮ 21ನೇ ವಿಧಿಯಲ್ಲಿ ಆ ಪದಗಳು ಬರಲಿಲ್ಲ. ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂದಾಯಿತು. ಇನ್ನು 15ನೇ ವಿಧಿ ಲಿಂಗಭೇದ ಮಾಡಬಾರದೆಂದು ಹೇಳಿ, ಅದರ ಮೂರನೇ ಉಪವಿಧಿಯಲ್ಲಿ ಹೆಂಗಸರಿಗೆ ವಿಶೇಷ ಏರ್ಪಾಡು ಮಾಡಲು ಅಡ್ಡಿಯಿಲ್ಲ ಎನ್ನುತ್ತದೆ. ಕೆಲ್ಲಿ, ಪಾಲ್ ಇಬ್ಬರಿಗೂ ಒಂದೇ ಪುಟದಲ್ಲಿ ಜಾಗ ಕೊಟ್ಟಂತೆ.

ಅಮೆರಿಕದಲ್ಲಿ ಹೆಂಗಸರಿಗಷ್ಟೇ ಇದ್ದ ಹಳೆಯ ರಕ್ಷಣಾ ಕಾನೂನುಗಳು 1938ರ ಕಾಯ್ದೆ ಬಂದ ಮೇಲೂ ಸುಮಾರು ಮೂರು ದಶಕ ಉಳಿದವು. 1964ರ ನಾಗರಿಕ ಹಕ್ಕು ಕಾಯ್ದೆ ಕೆಲಸದಲ್ಲಿ ಲಿಂಗಭೇದ ನಿಷೇಧಿಸಿದ ಮೇಲೆ ಅವನ್ನು ಕೋರ್ಟಿಗೆಳೆದವರು ಕಾರ್ಮಿಕ ಹೆಂಗಸರೇ. ಜಾರ್ಜಿಯಾದ ಟೆಲಿಫೋನ್ ಕಂಪನಿಯಲ್ಲಿದ್ದ ಲೊರೀನಾ ವೀಕ್ಸ್ ಹೆಚ್ಚು ಸಂಬಳದ ಸ್ವಿಚ್‌ಮನ್ ಕೆಲಸ ಕೇಳಿದಾಗ, ಹೆಂಗಸರು 30 ಪೌಂಡ್‌ಗಿಂತ ಹೆಚ್ಚು ಭಾರ ಎತ್ತುವಂತಿಲ್ಲ ಎಂಬ ನಿಯಮ ತೋರಿಸಿ ಕಂಪನಿ ಕಿರಿಯನಾದ ಗಂಡಸಿಗೆ ಕೊಟ್ಟಿತು. ಆಕೆ ದಿನವೂ ಎತ್ತಿಡುತ್ತಿದ್ದ ಟೈಪ್‌ರೈಟರ್‌ನ ತೂಕ 34 ಪೌಂಡ್. 1969ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೆಣ್ಣಿಗೆ ಇದು ಕಷ್ಟ, ಅದು ಬೇಡ ಎಂದು ಬೇರೆಯವರು ನಿರ್ಧರಿಸುವ ನವಿರಾದ ಹಿರೇತನವನ್ನೇ ಹೊಸ ಕಾಯ್ದೆ ತಿರಸ್ಕರಿಸಿದೆ ಎಂದು ಬರೆದು ಆಕೆಯ ಪರ ತೀರ್ಪು ಕೊಟ್ಟಿತು. ಕೆಲಸ ಮತ್ತು ಬಾಕಿ ಸಂಬಳ ಕೈಗೆ ಬರಲು ಮತ್ತೆರಡು ವರ್ಷ ಹಿಡಿಯಿತು.